ಈಗಿಲ್ಲದ ಅಲ್ಯೂಮಿನಿಯಂ ಹೇಳುವ ವಯಸ್ಸು

ಅಲ್ಯೂಮಿನಿಯಂ-26ರ ಮೇಲೆ ನನಗೆ ಬಹುಕಾಲದ ಅಕ್ಕರೆ. ಸೌರವ್ಯೂಹ ಹುಟ್ಟುವಾಗ ಅದರೊಳಗೆ ಬೆರೆತಿದ್ದ ಈ ವಿಕಿರಣಶೀಲ ಐಸೊಟೋಪ್‌ನ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳೇ ಐಸೊಟೋಪ್‌ಗಳು) ಒಂದೇ ಒಂದು ಪರಮಾಣು ಕೂಡ ಇವತ್ತಿಗೆ ಉಳಿದಿಲ್ಲ. ಅದರ ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ. ಅಷ್ಟು ಕಾಲ ಕಳೆದಾಗಲೆಲ್ಲ ಇದ್ದದ್ದರಲ್ಲಿ ಅರ್ಧ ಭಾಗ ಕ್ಷಯಿಸಿ ಮೆಗ್ನೀಸಿಯಂ-26 ಆಗಿಬಿಡುತ್ತದೆ. ಇಡೀ ಭೂಮಿಯನ್ನೇ ಅಲ್ಯೂಮಿನಿಯಂ-26ರಿಂದ ಮಾಡಿಟ್ಟಿದ್ದರೂ ಸುಮಾರು 12 ಕೋಟಿ ವರ್ಷದಲ್ಲಿ ಕೊನೆಯ ಪರಮಾಣುವೂ ಮುಗಿದುಹೋಗುತ್ತಿತ್ತು. ಸೌರವ್ಯೂಹಕ್ಕೆ ಈಗ 456 ಕೋಟಿ ದಾಟಿದೆ. ಹೀಗಿದ್ದೂ, ಒಂದು ಉಲ್ಕಾಶಿಲೆಯೊಳಗಿನ ಬಿಳಿ ಚುಕ್ಕೆ ಮೊದಲೋ ಅದರ ಪಕ್ಕದ ಬೂದು ಗುಂಡು ಮೊದಲೋ, ಎರಡರ ನಡುವೆ ಎಷ್ಟು ಲಕ್ಷ ವರ್ಷದ ಅಂತರ ಎಂದು ಕೇಳಿದರೆ, ಉತ್ತರ ಕೊಡುವುದು ಈ ಇಲ್ಲವಾದ ಪರಮಾಣುವೇ.

ವಯಸ್ಸು ಅಳೆಯಲು ದೀರ್ಘಾಯುಷಿ ಧಾತುಗಳಿಲ್ಲವೇ? ಇವೆ. ಯುರೇನಿಯಂ ಕ್ಷಯಿಸಿ ಸೀಸವಾಗುವ ಲೆಕ್ಕ ಹಿಡಿದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳಿಗೂ ಭೂಮಿಗೂ 455 ಕೋಟಿ ವರ್ಷ ವಯಸ್ಸು ಎಂದು ತೋರಿಸಿದರು. ಅದರಲ್ಲಿ 7 ಕೋಟಿ ವರ್ಷ ಹೆಚ್ಚುಕಡಿಮೆ ಇರಬಹುದಿತ್ತು. ಆ ಸಂಖ್ಯೆ ಇವತ್ತಿಗೂ ಹೆಚ್ಚೇನೂ ಅಲುಗಿಲ್ಲ. ವಿಜ್ಞಾನದ ದೊಡ್ಡ ಅಳತೆಗಳಲ್ಲಿ ಅದೊಂದು. ಆದರೆ ಎಳೆಯ ಸೂರ್ಯನನ್ನು ಸುತ್ತುವರಿದಿದ್ದ ಅನಿಲ ಮತ್ತು ಧೂಳಿನ ತಟ್ಟೆ ಬಾಳಿದ್ದೇ ಕೆಲವು ಹತ್ತು ಲಕ್ಷ ವರ್ಷ. ಮೊದಲ ಘನ ಕಣಗಳು ಹುಟ್ಟಿದ್ದು, ಅವು ಅಂಟಿಕೊಂಡು ಬಂಡೆಗಳಾದದ್ದು, ಬಂಡೆಗಳು ಕರಗಿ ಒಳಗೆ ಕಬ್ಬಿಣದ ತಿರುಳು ಇಳಿದದ್ದು, ಎಲ್ಲವೂ ಆ ಸಣ್ಣ ಅವಧಿಯಲ್ಲೇ ನಡೆದುಹೋಯಿತು. 7 ಕೋಟಿ ವರ್ಷದ ಅನಿಶ್ಚಿತತೆಯ ಒಳಗೆ ಇವೆಲ್ಲ ಒಂದೇ ಕ್ಷಣದಂತೆ ಕಾಣುತ್ತವೆ. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದರೆ ಅವಳಿಗಳಲ್ಲಿ ಹಿರಿಯರು ಯಾರೆಂದು ಹೇಳಲಾಗದು. ನಿಮಿಷದ ಲೆಕ್ಕ ಬೇಕು. ಅಲ್ಪಾಯುಷಿ ಐಸೊಟೋಪ್‌ಗಳು ಆ ನಿಮಿಷದ ಲೆಕ್ಕ ಇಟ್ಟಿವೆ. ಬೇಗ ಕ್ಷಯಿಸುವುದರಿಂದಲೇ ಅವುಗಳ ಪ್ರಮಾಣ ಸ್ವಲ್ಪ ಕಾಲದಲ್ಲೇ ಎದ್ದು ಕಾಣುವಷ್ಟು ಇಳಿಯುತ್ತದೆ, ಹಾಗೆ ಇಳಿದಷ್ಟೂ ಕಾಲದ ಗೆರೆಗಳು ಹತ್ತಿರ ಹತ್ತಿರ ಬೀಳುತ್ತವೆ.

1969ರ ಫೆಬ್ರವರಿ 8ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಮೆಕ್ಸಿಕೋದ ಚಿವಾವಾ ಪ್ರಾಂತ್ಯದ ಮೇಲೆ ಒಂದು ಬೆಂಕಿಚೆಂಡು ಸಿಡಿಯಿತು. ಬಿದ್ದ ಚೂರುಗಳಲ್ಲಿ ಆರಿಸಿ ತಂದದ್ದೇ 2 ಟನ್‌ಗೂ ಹೆಚ್ಚು. ಆಯೆಂಡೆ ಎಂಬ ಹೆಸರಿನ ಈ ಉಲ್ಕಾಶಿಲೆ ಬಿದ್ದ ಹೊತ್ತೂ ಹೇಳಿ ಮಾಡಿಸಿದಂತಿತ್ತು: ಐದು ತಿಂಗಳಲ್ಲಿ ಅಪೊಲೊ-11 ಚಂದ್ರನ ಕಲ್ಲು ತರುವುದಿತ್ತು, ಅದಕ್ಕಾಗಿ ಪ್ರಯೋಗಾಲಯಗಳು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದ ಉಪಕರಣಗಳನ್ನು ಅಣಿಮಾಡಿಕೊಂಡು ಕಾದಿದ್ದವು.

ಆಯೆಂಡೆಯ ಕತ್ತರಿಸಿ ನಯಗೊಳಿಸಿದ ಒಂದು ಹೋಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೊದಲು ಕಾಣುವುದು ಕಪ್ಪು-ಬೂದು ಬಣ್ಣದ ಹುಡಿಯಂಥ ನೆಲ. ಅದರೊಳಗೆ ಒತ್ತೊತ್ತಾಗಿ ಒಂದು ಮಿಲಿಮೀಟರ್ ಆಸುಪಾಸಿನ ದುಂಡನೆಯ ಕಣಗಳು. ಇವು ಕಾಂಡ್ರೂಲ್‌ಗಳು. ಯಾವುದೋ ಹಠಾತ್ ಶಾಖಕ್ಕೆ ಧೂಳಿನ ಉಂಡೆಗಳು ಕರಗಿ, ಹನಿಗಳಾಗಿ, ತೇಲುತ್ತಲೇ ಗಟ್ಟಿಯಾದವು. ಆ ಶಾಖ ಎಲ್ಲಿಂದ ಬಂತು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಇವುಗಳ ನಡುವೆ ಅಲ್ಲಲ್ಲಿ ಅಂಕುಡೊಂಕಾದ ಬಿಳಿಯ ತೇಪೆಗಳಿವೆ. ಕೆಲವು ಬರಿಗಣ್ಣಿಗೂ ಕಾಣುವಂತೆ ಒಂದು ಸೆಂಟಿಮೀಟರ್ ದಾಟುತ್ತವೆ. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ತುಂಬಿದ ಈ ತೇಪೆಗಳನ್ನು ಸಂಶೋಧಕರು ಚಿಕ್ಕದಾಗಿ ಸಿಎಐ ಎನ್ನುತ್ತಾರೆ. 1,000 ಡಿಗ್ರಿ ಸೆಲ್ಸಿಯಸ್‌ಗೂ ಎಷ್ಟೋ ಮೇಲ್ಪಟ್ಟ ಬಿಸಿ ಅನಿಲ ತಣಿಯತೊಡಗಿದಾಗ ಮೊಟ್ಟಮೊದಲು ಘನವಾಗುವ ಖನಿಜಗಳು ಯಾವುವೋ, ಅವೇ ಇಲ್ಲಿವೆ. ಅಂಗೈ ಅಗಲದ ಒಂದು ಹೋಳಿನಲ್ಲಿ ಹೀಗೆ ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು ಒಟ್ಟಿಗೆ ಸಿಕ್ಕಿಕೊಂಡಿವೆ. ಹಾಗಾಗಿ 'ಈ ಕಲ್ಲಿನ ವಯಸ್ಸೆಷ್ಟು' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಲ್ಲಿನ ಯಾವ ಭಾಗ ಎಂದು ಹೇಳಿ ಕೇಳಬೇಕು.

ಸೌರವ್ಯೂಹ ಹುಟ್ಟುವಾಗ ಅಲ್ಯೂಮಿನಿಯಂ-26 ಇದ್ದಿರಬಹುದು ಎಂಬ ಊಹೆ ಆಯೆಂಡೆ ಬಿದ್ದದ್ದಕ್ಕೂ ಹಳೆಯದು. ಸಣ್ಣ ಸಣ್ಣ ಕ್ಷುದ್ರಗ್ರಹಗಳು ಕರಗಿದ್ದಕ್ಕೆ ಶಾಖ ಎಲ್ಲಿಯದು ಎಂಬ ತೊಡಕನ್ನು ಬಿಡಿಸಲು ಹೆರಾಲ್ಡ್ ಯೂರಿ 1955ರಲ್ಲೇ ಅದರ ಹೆಸರು ಹೇಳಿದ್ದರು. ಆದರೆ ಮೊದಲು ಸಾಕ್ಷಿ ಸಿಕ್ಕಿದ್ದು ಬೇರೊಂದು ಐಸೊಟೋಪ್‌ಗೆ. ಬರ್ಕ್ಲಿಯ ಜಾನ್ ರೆನಾಲ್ಡ್ಸ್ 1960ರಲ್ಲಿ ರಿಚರ್ಡ್‌ಟನ್ ಉಲ್ಕಾಶಿಲೆಯನ್ನು ಕಾಯಿಸಿ ಹೊರಬಂದ ಝೆನಾನ್ ಅನಿಲವನ್ನು ಅಳೆದಾಗ ಝೆನಾನ್-129 ಇರಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಅದಕ್ಕೆ ಮೂಲ ಅಯೋಡಿನ್-129. ಅರ್ಧಾಯುಷ್ಯ ಸುಮಾರು 1 ಕೋಟಿ 60 ಲಕ್ಷ ವರ್ಷ. ಅಂದರೆ ಆ ಕಲ್ಲು ಗಟ್ಟಿಯಾಗುವಾಗ ಅದರೊಳಗೆ ಅಯೋಡಿನ್-129 ಇನ್ನೂ ಜೀವಂತವಾಗಿತ್ತು. ಯಾವುದೋ ನಕ್ಷತ್ರದಲ್ಲಿ ಧಾತುಗಳು ತಯಾರಾದದ್ದಕ್ಕೂ ಸೌರವ್ಯೂಹದ ಕಲ್ಲು ಹುಟ್ಟಿದ್ದಕ್ಕೂ ನಡುವಿನ ಕಾಲ ಅಪಾರವಾಗಿರಲಿಲ್ಲ ಎಂದು ಪ್ರಯೋಗದಿಂದ ಗೊತ್ತಾದದ್ದು ಅದೇ ಮೊದಲು.

ಅಲ್ಯೂಮಿನಿಯಂನ ಸರದಿ ಬಂದದ್ದು 1976-77ರಲ್ಲಿ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಜೆರಾಲ್ಡ್ ವಾಸರ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಟೈಫೂನ್ ಲೀ ಮತ್ತು ಡಿಮಿಟ್ರಿ ಪಾಪನಸ್ತಾಸಿಯು ಆಯೆಂಡೆಯ ಒಂದು ಬಿಳಿ ತೇಪೆಯನ್ನು ಖನಿಜ ಖನಿಜವಾಗಿ ಬಿಡಿಸಿ ಅಳೆದರು. ಆ ಕೆಲಸದ ಚೆಲುವು ಇರುವುದು ಅವರು ಏನನ್ನು ಯಾವುದರ ಪಕ್ಕ ಇಟ್ಟು ನೋಡಿದರು ಎಂಬುದರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಮೆಗ್ನೀಸಿಯಂಗೆ ಮೂರು ಸ್ಥಿರ ಐಸೊಟೋಪ್‌ಗಳು: 24, 25, 26. ಒಂದು ತೇಪೆಯಲ್ಲಿ 26 ಸ್ವಲ್ಪ ಹೆಚ್ಚಿದೆ ಎಂದಷ್ಟಕ್ಕೇ ಅದು ಅಲ್ಯೂಮಿನಿಯಂನಿಂದ ಬಂತು ಎನ್ನಲಾಗದು. ಹುಟ್ಟುವಾಗಲೇ ಆ ಧೂಳಿನಲ್ಲಿ ಹೆಚ್ಚಿದ್ದಿರಬಹುದು. ಆದರೆ ಬಿಳಿ ತೇಪೆಯಲ್ಲಿ ಒಂದೇ ದ್ರವದಿಂದ ಹರಳುಗಟ್ಟಿದ ನಾಲ್ಕಾರು ಖನಿಜಗಳಿವೆ. ಸ್ಪಿನೆಲ್‌ನಲ್ಲಿ ಮೆಗ್ನೀಸಿಯಂ ಧಾರಾಳ. ಪ್ರತಿ ಮೆಗ್ನೀಸಿಯಂ ಪರಮಾಣುವಿಗೆ ಎರಡೇ ಅಲ್ಯೂಮಿನಿಯಂ. ಅನಾರ್ಥೈಟ್‌ನ ರಚನೆಯಲ್ಲಿ ಮೆಗ್ನೀಸಿಯಂಗೆ ಜಾಗವೇ ಇಲ್ಲ. ಕಲಬೆರಕೆಯಾಗಿ ಎಳ್ಳಷ್ಟು ಸೇರಿಕೊಂಡಿರುತ್ತದೆ, ಹಾಗಾಗಿ ಅಲ್ಲಿ ಒಂದು ಮೆಗ್ನೀಸಿಯಂಗೆ ನೂರಾರು ಅಲ್ಯೂಮಿನಿಯಂ. ಈಗ ಯೋಚಿಸಿ. ಹೆಚ್ಚುವರಿ ಮೆಗ್ನೀಸಿಯಂ-26 ಹರಳಿನೊಳಗೇ ಕ್ಷಯದಿಂದ ಹುಟ್ಟಿದ್ದರೆ, ಯಾವ ಖನಿಜದಲ್ಲಿ ಅಲ್ಯೂಮಿನಿಯಂನ ಪಾಲು ಹೆಚ್ಚೋ ಅಲ್ಲಿ ಈ ಹೆಚ್ಚಳವೂ ಅದೇ ಪ್ರಮಾಣದಲ್ಲಿ ಹೆಚ್ಚಿರಬೇಕು. ಹೊರಗಿನಿಂದ ಬಂದದ್ದಾದರೆ ಎಲ್ಲ ಖನಿಜಗಳಲ್ಲೂ ಒಂದೇ ಸಮನಾಗಿರಬೇಕು. ಅಡ್ಡಕ್ಕೆ ಅಲ್ಯೂಮಿನಿಯಂ-ಮೆಗ್ನೀಸಿಯಂ ಅನುಪಾತ, ಉದ್ದಕ್ಕೆ ಮೆಗ್ನೀಸಿಯಂ-26ರ ಪಾಲು ಇಟ್ಟು ಒಂದೊಂದು ಖನಿಜಕ್ಕೂ ಒಂದೊಂದು ಚುಕ್ಕೆ ಹಾಕಿದಾಗ ಚುಕ್ಕೆಗಳು ಓರೆಯಾದ ಒಂದು ಸರಳರೇಖೆಯ ಮೇಲೆ ಬಂದು ಕೂತವು. ಅನಾರ್ಥೈಟ್‌ನಲ್ಲಿ ಮೆಗ್ನೀಸಿಯಂ-26 ಶೇಕಡಾ 10ರವರೆಗೂ ಹೆಚ್ಚಾಗಿತ್ತು.

ಆ ಗೆರೆಯ ಓರೆಯೇ ಗಡಿಯಾರದ ಮುಳ್ಳು. ಹರಳು ಗಟ್ಟಿಯಾದ ಗಳಿಗೆಯಲ್ಲಿ ಮಾಮೂಲಿ ಅಲ್ಯೂಮಿನಿಯಂ-27ರ ಜೊತೆ ಅಲ್ಯೂಮಿನಿಯಂ-26 ಎಷ್ಟಿತ್ತು ಎಂದು ಅದು ಹೇಳುತ್ತದೆ. ಬಿಳಿ ತೇಪೆಗಳಿಗೆ ಸಿಗುವ ಉತ್ತರ ಸುಮಾರಾಗಿ 1 ಲಕ್ಷಕ್ಕೆ 5. ಆಮೇಲಿನ ದಶಕಗಳಲ್ಲಿ ಬೇರೆ ಬೇರೆ ಉಲ್ಕಾಶಿಲೆಗಳ ಎಷ್ಟೋ ತೇಪೆಗಳನ್ನು ಅಳೆದಾಗಲೂ ಇದೇ ಸಂಖ್ಯೆ ಮತ್ತೆ ಮತ್ತೆ ಬಂತು. ಹಾಗಾಗಿ ಅದನ್ನೇ ಸೊನ್ನೆಯ ಗೆರೆ ಎಂದು ಇಟ್ಟುಕೊಂಡರು. ಕಾಲ ಅಲ್ಲಿಂದ ಶುರು.

ಉಳಿದದ್ದು ಬಾಯಿಲೆಕ್ಕ. 7 ಲಕ್ಷ ವರ್ಷಕ್ಕೆ 5 ಇದ್ದದ್ದು ಎರಡೂವರೆಯಾಗುತ್ತದೆ, 14 ಲಕ್ಷಕ್ಕೆ ಒಂದೂಕಾಲು, 21 ಲಕ್ಷಕ್ಕೆ ಸುಮಾರು 0.6. ಒಂದು ಕಾಂಡ್ರೂಲ್‌ನ ಗೆರೆಯ ಓರೆ ಲಕ್ಷಕ್ಕೆ 0.6 ಎಂದು ಬಂದರೆ ಆ ಹನಿ ಗಟ್ಟಿಯಾದದ್ದು ಬಿಳಿ ತೇಪೆಗಳಿಗಿಂತ 21 ಲಕ್ಷ ವರ್ಷ ತಡವಾಗಿ. ನಿಜಕ್ಕೂ ಬಹಳಷ್ಟು ಕಾಂಡ್ರೂಲ್‌ಗಳಿಗೆ ಹೀಗೆ 20ರಿಂದ 30 ಲಕ್ಷ ವರ್ಷದ ತಡವೇ ಕಾಣುತ್ತದೆ. ಈ ಅಳತೆಗೆ ಸಂಶೋಧಕರು ಜೋಪಾನವಾಗಿ ಬಳಸುವ ಕಲ್ಲುಗಳಲ್ಲೊಂದು 1940ರಲ್ಲಿ ಮಧ್ಯಪ್ರದೇಶದಲ್ಲಿ ಬಿದ್ದ ಸೆಮರ್ಕೋಣಾ. ತಾಯಿಕಾಯದೊಳಗೆ, ಅಂದರೆ ಉಲ್ಕಾಶಿಲೆ ಒಡೆದುಬಂದ ಮೂಲ ಕ್ಷುದ್ರಗ್ರಹದೊಳಗೆ, ಮತ್ತೆ ಬಿಸಿಯಾದ ಕಲ್ಲಿನಲ್ಲಿ ಮೆಗ್ನೀಸಿಯಂ ಖನಿಜದಿಂದ ಖನಿಜಕ್ಕೆ ಸರಿದಾಡಿ ಗೆರೆ ಮಟ್ಟಸವಾಗಿಬಿಡುತ್ತದೆ, ಗಡಿಯಾರ ಸುಳ್ಳು ಹೇಳತೊಡಗುತ್ತದೆ. ಸೆಮರ್ಕೋಣಾ ತನ್ನ ಬಗೆಯ ಉಲ್ಕಾಶಿಲೆಗಳಲ್ಲೇ ಅತಿ ಕಡಿಮೆ ಬೆಂದದ್ದು.

ಅಲ್ಯೂಮಿನಿಯಂಗಿಂತಲೂ ಅಲ್ಪಾಯುಷಿ ಒಂದಿದೆ: ಕ್ಯಾಲ್ಸಿಯಂ-41, ಅರ್ಧಾಯುಷ್ಯ ಬರೀ 1 ಲಕ್ಷ ವರ್ಷ. ಅದು ಪೊಟ್ಯಾಸಿಯಂ-41 ಆಗುತ್ತದೆ. ಎಫ್ರಿಮೋವ್ಕಾ ಎಂಬ ಉಲ್ಕಾಶಿಲೆಯ ಬಿಳಿ ತೇಪೆಗಳಲ್ಲಿ ಅದು ಜೀವಂತವಾಗಿತ್ತು ಎಂದು 1994ರಲ್ಲಿ ತೋರಿಸಿದವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಜಿ. ಶ್ರೀನಿವಾಸನ್ ಮತ್ತು ಜೆ. ಎನ್. ಗೋಸ್ವಾಮಿ, ಜೊತೆಗೆ ರಷ್ಯಾದ ಉಲ್ಯಾನೊವ್. ಕ್ಯಾಲ್ಸಿಯಂ ತುಂಬಿದ ಹರಳಿನಲ್ಲಿ ಪೊಟ್ಯಾಸಿಯಂನ ಸುಳಿವೂ ಇಲ್ಲದಂಥ ಜಾಗ ಹುಡುಕಿ, ಅಯಾನುಗಳ (ವಿದ್ಯುದಂಶ ಹೊತ್ತ ಪರಮಾಣುಗಳ) ಕಿರಣವನ್ನು ಅಲ್ಲಿಗೇ ಗುರಿಯಿಟ್ಟು ಅಳೆಯುವ ಕೆಲಸವದು. ಇದರ ಅರ್ಥ ದೊಡ್ಡದು. ನಕ್ಷತ್ರವೊಂದರಲ್ಲಿ ತಯಾರಾದ ಕ್ಯಾಲ್ಸಿಯಂ-41 ಬಿಳಿ ತೇಪೆಯೊಳಗೆ ಸೇರುವ ಮೊದಲೇ ಮುಗಿದುಹೋಗಿರಲಿಲ್ಲ ಎಂದರೆ, ಆ ತಯಾರಿಗೂ ಸೌರವ್ಯೂಹದ ಮೊದಲ ಘನಕ್ಕೂ ನಡುವೆ ಹತ್ತು ಲಕ್ಷ ವರ್ಷದ ಆಚೀಚಿನ ಕಾಲವಷ್ಟೇ ಸಂದಿರಬೇಕು. ಅದೇ ಪ್ರಯೋಗಾಲಯದವರು 1999ರಲ್ಲಿ, ರಾಜಸ್ಥಾನದ ಪಿಪ್ಲಿಯಾ ಕಲಾಂನಲ್ಲಿ 1996ರಲ್ಲಿ ಬಿದ್ದ ಉಲ್ಕಾಶಿಲೆಯಲ್ಲೂ ಅಲ್ಯೂಮಿನಿಯಂ-26ರ ಗುರುತು ಕಂಡರು. ಅದು ಕರಗಿ ಮತ್ತೆ ಗಟ್ಟಿಯಾದ ಲಾವಾದಂಥ ಕಲ್ಲು. ಯೂರಿ ಹೇಳಿದ್ದ ಒಲೆ ಕರಗಿದ ಕಲ್ಲಿನೊಳಗೇ ಗುರುತು ಬಿಟ್ಟಿತ್ತು.

ಎಲ್ಲ ಅಲ್ಪಾಯುಷಿಗಳೂ ನಕ್ಷತ್ರದಿಂದ ಬಂದವಲ್ಲ. ಬೆರಿಲಿಯಂ-10 ನಕ್ಷತ್ರದೊಳಗೆ ತಯಾರಾಗುವುದಿಲ್ಲ. ವೇಗದ ಕಣಗಳು ಆಮ್ಲಜನಕದಂಥ ಪರಮಾಣುಗಳನ್ನು ಹೊಡೆದು ಒಡೆದಾಗ ಹುಟ್ಟುತ್ತದೆ. 2000ದಲ್ಲಿ ಅದರ ಗುರುತೂ ಆಯೆಂಡೆಯ ಬಿಳಿ ತೇಪೆಯಲ್ಲಿ ಸಿಕ್ಕಿತು. ಕಬ್ಬಿಣ-60 ಇದಕ್ಕೆ ತದ್ವಿರುದ್ಧ, ಅದಕ್ಕೆ ನಕ್ಷತ್ರವೇ ಬೇಕು. ಒಂದು ಕಾಲಕ್ಕೆ ಅದು ಧಾರಾಳವಾಗಿತ್ತು ಎಂಬ ಅಳತೆಗಳು ಬಂದು, ಹತ್ತಿರದಲ್ಲಿ ಸಿಡಿದ ನಕ್ಷತ್ರವೊಂದು, ಅಂದರೆ ಸೂಪರ್‌ನೋವಾ, ಸೌರವ್ಯೂಹ ಹುಟ್ಟಿದ ಮೋಡವನ್ನು ಕುಸಿಯುವಂತೆ ಮಾಡಿತು ಎಂಬ ಕಥೆ ಬಲಗೊಂಡಿತ್ತು. 2012ರ ನಂತರದ ಅಳತೆಗಳಲ್ಲಿ ಆ ಪ್ರಮಾಣ ಬಹಳ ಇಳಿಯಿತು, ಕಥೆಯೂ ಸೊರಗಿತು. ಭಾರಿ ನಕ್ಷತ್ರಗಳ ಗಾಳಿಯಲ್ಲಿ ಅಲ್ಯೂಮಿನಿಯಂ-26 ತೇಲಿಬಂತು ಎಂಬ ವಾದ ಈಗ ನನಗೆ ಹೆಚ್ಚು ಸರಿ ಎನಿಸುತ್ತದೆ.

ನನ್ನನ್ನು ಅತಿ ಹೆಚ್ಚು ಬೆರಗಾಗಿಸಿದ್ದು ಹ್ಯಾಫ್ನಿಯಂ-182. ಅದು 89 ಲಕ್ಷ ವರ್ಷದ ಅರ್ಧಾಯುಷ್ಯದಲ್ಲಿ ಟಂಗ್‌ಸ್ಟನ್-182 ಆಗುತ್ತದೆ. ಕ್ಷುದ್ರಗ್ರಹವೊಂದು ಕರಗಿದಾಗ ಟಂಗ್‌ಸ್ಟನ್ ಕಬ್ಬಿಣದ ಜೊತೆ ತಿರುಳಿಗೆ ಇಳಿಯುತ್ತದೆ, ಹ್ಯಾಫ್ನಿಯಂ ಮೇಲಿನ ಕಲ್ಲಿನಲ್ಲೇ ಉಳಿಯುತ್ತದೆ. ಬೇಗ ತಿರುಳು ಇಳಿದಿದ್ದರೆ ಕಬ್ಬಿಣದಲ್ಲಿ ಟಂಗ್‌ಸ್ಟನ್-182 ಕಡಿಮೆ, ತಡವಾಗಿ ಇಳಿದಿದ್ದರೆ ಹೆಚ್ಚು. ಕಬ್ಬಿಣದ ಉಲ್ಕಾಶಿಲೆಗಳನ್ನು ಹೀಗೆ ಅಳೆದಾಗ ಮೊದಲು ಬಂದ ಕೆಲವು ಉತ್ತರಗಳು ಅಸಾಧ್ಯವಾಗಿದ್ದವು: ಸೌರವ್ಯೂಹದ ಮೊದಲ ಘನಕ್ಕಿಂತಲೂ ಮೊದಲೇ ತಿರುಳು ಇಳಿದಂತೆ ತೋರುತ್ತಿತ್ತು. ಬಾಹ್ಯಾಕಾಶದಲ್ಲಿ ಕೋಟ್ಯಂತರ ವರ್ಷ ಅಲೆಯುವಾಗ ವಿಶ್ವಕಿರಣಗಳು ಟಂಗ್‌ಸ್ಟನ್‌ನ ಐಸೊಟೋಪ್‌ಗಳನ್ನೇ ಬದಲಿಸಿದ್ದವು. ಅದೇ ಕಬ್ಬಿಣದಲ್ಲಿರುವ ಪ್ಲಾಟಿನಂ ಕೂಡ ಆ ಕಿರಣಗಳಿಗೆ ಬದಲಾಗಿರುತ್ತದೆ. ಅದನ್ನು ಅಳೆದು, ಕಿರಣಗಳ ಪಾಲನ್ನು ಕಳೆದು ನೋಡಿದಾಗ ಲೆಕ್ಕ ಕೂಡಿಬಂತು. ತಿರುಳುಗಳು ಇಳಿದದ್ದು ಬಿಳಿ ತೇಪೆಗಳ ನಂತರ ಸುಮಾರು 30 ಲಕ್ಷ ವರ್ಷದೊಳಗೆ, ಕೆಲವು 10 ಲಕ್ಷದೊಳಗೇ.

ಇದರಿಂದ ಒಂದು ಹಳೆಯ ನಂಬಿಕೆಯೇ ತಲೆಕೆಳಗಾಯಿತು. ಕಾಂಡ್ರೂಲ್ ತುಂಬಿದ ಕಲ್ಲುಗಳು ಕರಗಿಲ್ಲ, ಆದ್ದರಿಂದ ಅವೇ ಮೊದಲ ತಲೆಮಾರು, ಕರಗಿ ಕಬ್ಬಿಣ ಬೇರ್ಪಟ್ಟವು ಆಮೇಲಿನವು ಎಂದೇ ಎಲ್ಲರೂ ತಿಳಿದಿದ್ದರು. ಗಡಿಯಾರಗಳು ಹೇಳುವುದು ಬೇರೆ. ಮೊದಲು ಕೂಡಿದ ಕಾಯಗಳಲ್ಲಿ ಅಲ್ಯೂಮಿನಿಯಂ-26 ಇನ್ನೂ ಯಥೇಚ್ಛವಾಗಿತ್ತು, ಅದರ ಶಾಖಕ್ಕೇ ಅವು ಕರಗಿದವು. 20-30 ಲಕ್ಷ ವರ್ಷ ತಡವಾಗಿ ಕೂಡಿದವಕ್ಕೆ ಕರಗುವಷ್ಟು ಇಂಧನ ಉಳಿದಿರಲಿಲ್ಲ. ಅವು ಹಸಿಯಾಗಿಯೇ ಉಳಿದುಕೊಂಡವು, ನಮಗೆ ಆಯೆಂಡೆಯಂಥ ಕಲ್ಲು ಸಿಕ್ಕಿತು. ಕಾಲ ತೋರಿಸುವ ಐಸೊಟೋಪೇ ಯಾವ ಕಾಯ ಕರಗಬೇಕು, ಯಾವುದು ಉಳಿಯಬೇಕು ಎಂದೂ ನಿರ್ಧರಿಸಿತು. ಈ ಸಂಗತಿಯನ್ನು ಮೊದಲು ಓದಿದಾಗ ಆದ ಸಂತೋಷ ನನ್ನಲ್ಲಿ ಇನ್ನೂ ಹಾಗೇ ಇದೆ.

ಈ ಗಡಿಯಾರಗಳ ಮಿತಿಯೂ ಅಷ್ಟೇ ಮುಖ್ಯ. ಅವು ಅಂತರ ಹೇಳುತ್ತವೆ, ತಾರೀಖು ಹೇಳುವುದಿಲ್ಲ. 21 ಲಕ್ಷ ವರ್ಷ ತಡ ಎಂದರೆ ಯಾವಾಗಿನಿಂದ? ಅದಕ್ಕೆ ಯುರೇನಿಯಂ-ಸೀಸದ ಗೂಟ ಬೇಕು. 2012ರಲ್ಲಿ ಪ್ರಕಟವಾದ ಅಳತೆಯಂತೆ ಬಿಳಿ ತೇಪೆಗಳ ವಯಸ್ಸು 456 ಕೋಟಿ 73 ಲಕ್ಷ ವರ್ಷ, ಹೆಚ್ಚುಕಡಿಮೆ 1 ಲಕ್ಷ 60 ಸಾವಿರ. ಈ ನಿಖರತೆ ಬರುವ ಮೊದಲು ಒಂದು ವಿಚಿತ್ರ ತೊಡಕು ದಾಟಬೇಕಾಯಿತು. ಯುರೇನಿಯಂ-238 ಮತ್ತು 235ರ ಅನುಪಾತ ಎಲ್ಲೆಡೆ 137.88 ಎಂದೇ ದಶಕಗಳ ಕಾಲ ಲೆಕ್ಕ ಹಾಕುತ್ತಿದ್ದರು. 2010ರಲ್ಲಿ ಆಯೆಂಡೆಯ ತೇಪೆಗಳಲ್ಲೇ ಅಳೆದು ನೋಡಿದಾಗ ಅದು ತೇಪೆಯಿಂದ ತೇಪೆಗೆ ಬೇರೆಯಾಗಿತ್ತು. ಕಾರಣ ಇನ್ನೊಂದು ಅಲ್ಪಾಯುಷಿ: ಸುಮಾರು 1 ಕೋಟಿ 56 ಲಕ್ಷ ವರ್ಷದ ಅರ್ಧಾಯುಷ್ಯದ ಕ್ಯೂರಿಯಂ-247. ಅದು ಕ್ಷಯಿಸಿ ಯುರೇನಿಯಂ-235 ಆಗಿ ಸೇರಿಕೊಂಡಿತ್ತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ವಯಸ್ಸು 50 ಲಕ್ಷ ವರ್ಷದವರೆಗೂ ತಪ್ಪಬಹುದು. ತಟ್ಟೆಯ ಇಡೀ ಆಯುಷ್ಯಕ್ಕಿಂತ ಅದು ಕಡಿಮೆಯೇನಲ್ಲ!

ಇನ್ನೂ ಬಗೆಹರಿಯದ ಜಗಳ ಸೊನ್ನೆಯ ಗೆರೆಯದ್ದು. ಅಲ್ಯೂಮಿನಿಯಂ-26 ತಟ್ಟೆಯಲ್ಲೆಲ್ಲ ಒಂದೇ ಸಮ ಹರಡಿತ್ತು ಎಂದು ಒಪ್ಪಿದರೆ ಮಾತ್ರ ಮೇಲಿನ ಬಾಯಿಲೆಕ್ಕ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಮೊದಲಿಗೇ ಕಡಿಮೆಯಿದ್ದರೆ, ಅಲ್ಲಿ ಹುಟ್ಟಿದ ಕಣ ತಡವಾಗಿ ಹುಟ್ಟಿದಂತೆ ಸುಮ್ಮನೆ ತೋರುತ್ತದೆ. ಈ ಶಂಕೆಗೆ ಆಧಾರವಿದೆ. ಬಿಳಿ ತೇಪೆಗಳಲ್ಲೇ ಕೆಲವು ಅಪರೂಪದವುಗಳಲ್ಲಿ, ಕೆಲವು ಹಿಬೊನೈಟ್ ಹರಳುಗಳಲ್ಲಿ, ಅಲ್ಯೂಮಿನಿಯಂ-26ರ ಗುರುತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವು ಅಲ್ಯೂಮಿನಿಯಂ-26 ಬಂದು ಬೆರೆಯುವ ಮೊದಲೇ ಹುಟ್ಟಿದವು ಎಂಬುದು ಹೆಚ್ಚಿನವರ ಅಭಿಪ್ರಾಯ. ಕಾಂಡ್ರೂಲ್‌ಗಳ ವಿಷಯದಲ್ಲೂ ಭಿನ್ನಮತವಿದೆ. ಯುರೇನಿಯಂ-ಸೀಸದ ಕೆಲವು ಅಳತೆಗಳ ಪ್ರಕಾರ ಕಾಂಡ್ರೂಲ್‌ಗಳು ಬಿಳಿ ತೇಪೆಗಳ ಜೊತೆಜೊತೆಗೇ ಹುಟ್ಟತೊಡಗಿ 30 ಲಕ್ಷ ವರ್ಷದವರೆಗೂ ಹುಟ್ಟುತ್ತಿದ್ದವು. ಅಲ್ಯೂಮಿನಿಯಂನ ಗಡಿಯಾರ ಮಾತ್ರ ಬಹುಪಾಲು ಕಾಂಡ್ರೂಲ್‌ಗಳನ್ನು ಬಿಳಿ ತೇಪೆಗಳ ನಂತರದ 20 ಲಕ್ಷ ವರ್ಷಕ್ಕಿಂತ ಮೊದಲಿಗೆ ಒಯ್ಯಲೊಪ್ಪದು. ಬೇರೆ ಬೇರೆ ಗಡಿಯಾರಗಳು, ಅಂದರೆ ಅಲ್ಯೂಮಿನಿಯಂ, ಮ್ಯಾಂಗನೀಸ್-53, ಹ್ಯಾಫ್ನಿಯಂ, ಬೇಗ ತಣಿದ ಕಲ್ಲುಗಳಲ್ಲಿ ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ನೋಡಿದರೆ, ಹರಡಿಕೆ ಹೆಚ್ಚುಕಡಿಮೆ ಸಮವಾಗಿತ್ತು ಎಂಬ ಕಡೆಗೇ ನನ್ನ ಒಲವು. ಆದರೂ ಸೀಸದ ಆ ಅಳತೆಗಳನ್ನು ಬದಿಗಿಡಲು ನನಗೆ ಮನಸ್ಸಿಲ್ಲ.

ಹೊಸ ಕಲ್ಲುಗಳು ಬಂದ ಮಾತ್ರಕ್ಕೆ ಇಂಥವು ತಾವಾಗಿ ಬಗೆಹರಿಯುವುದೂ ಇಲ್ಲ. ಜಪಾನಿನ ಹಯಬುಸ-2 ನೌಕೆ 2020ರ ಡಿಸೆಂಬರ್‌ನಲ್ಲಿ ರ್‍ಯುಗು ಕ್ಷುದ್ರಗ್ರಹದ ಚೂರುಗಳನ್ನು ತಂದಿತು. ಅವುಗಳಲ್ಲಿ ನೀರಿನಿಂದ ಹುಟ್ಟಿದ ಕಾರ್ಬೊನೇಟ್ ಹರಳುಗಳಿವೆ. ಮ್ಯಾಂಗನೀಸ್-53 ಕ್ರೋಮಿಯಂ-53 ಆಗುವ ಲೆಕ್ಕದಿಂದ ಅವುಗಳ ಕಾಲ ತಿಳಿಯಬೇಕು. 2022ರಲ್ಲಿ ಒಂದು ತಂಡ ಬಿಳಿ ತೇಪೆಗಳ ನಂತರ ಸುಮಾರು 52 ಲಕ್ಷ ವರ್ಷ ಎಂದಿತು; ಮರುವರ್ಷ ಇನ್ನೊಂದು ತಂಡ 18 ಲಕ್ಷ ವರ್ಷದೊಳಗೇ ಎಂದಿತು. ಎರಡನೆಯದು ಸರಿಯಾದರೆ, ಅಷ್ಟು ಬೇಗ ಕೂಡಿದ ಕಾಯ ಕರಗದೆ ಉಳಿಯಬೇಕಾದರೆ ಅದು ಚಿಕ್ಕದಾಗಿರಬೇಕು. ವ್ಯತ್ಯಾಸದ ಬೇರು ಇರುವುದು ಪ್ರಯೋಗಾಲಯದಲ್ಲೇ. ಅಯಾನು ಕಿರಣ ಬಿದ್ದಾಗ ಮ್ಯಾಂಗನೀಸ್ ಎಷ್ಟು ಸುಲಭವಾಗಿ ಹಾರಿಬರುತ್ತದೆ, ಕ್ರೋಮಿಯಂ ಎಷ್ಟು ಎಂಬುದು ಖನಿಜದಿಂದ ಖನಿಜಕ್ಕೆ ಬೇರೆ. ಅದನ್ನು ಸರಿತೂಗಿಸಲು ಎರಡೂ ಗೊತ್ತಿರುವ ಪ್ರಮಾಣದಲ್ಲಿರುವ ಕಾರ್ಬೊನೇಟ್ ಮಾದರಿ ಬೇಕು. ಸಹಜ ಕಾರ್ಬೊನೇಟ್ ಕ್ರೋಮಿಯಂ ಅನ್ನು ಹತ್ತಿರ ಸೇರಿಸುವುದಿಲ್ಲವಾದ್ದರಿಂದ ಆ ಮಾದರಿಯನ್ನು ಕೈಯಾರೆ ಬೆಳೆಸಬೇಕು. ರ್‍ಯುಗುವಿನದೇ ಬಗೆಯ ಕಾರ್ಬೊನೇಟ್‌ಗೆ ಹೊಂದುವ ಮಾದರಿಗಳನ್ನು ಬಳಸಿದ್ದರಿಂದ ನಾನು ಎರಡನೆಯ ತಂಡದ ಕಡೆಗೆ ವಾಲುತ್ತೇನೆ. ಅದೇ ಹರಳುಗಳನ್ನು ಮೂರನೆಯ ಪ್ರಯೋಗಾಲಯವೊಂದು ತನ್ನದೇ ಮಾದರಿ ಇಟ್ಟುಕೊಂಡು ಅಳೆಯಲಿ ಎಂದು ಕಾಯುತ್ತಿದ್ದೇನೆ.